ಸ್ಪೀಕರಿನಲ್ಲಿ ಇಲ್ಲದ ಗುಂಯ್ ಸದ್ದು ರೆಕಾರ್ಡಿಂಗಿಗೆ ಎಲ್ಲಿಂದ ಬಂತು?

ಪ್ರಶ್ನೆ: ನನಗೆ ಹ್ಯಾಮ್ (ಹವ್ಯಾಸಿ) ರೇಡಿಯೊ ಪರವಾನಗಿ ಇದೆ. ತುಮಕೂರಿನ ನಮ್ಮ ಮನೆಯಲ್ಲಿ ಆವರ್ತನಗಳನ್ನು ಒಂದೊಂದಾಗಿ ತಡಕುತ್ತ ಸಂಕೇತ ಸಿಕ್ಕಲ್ಲಿ ನಿಲ್ಲುವ, ಮೇಜಿನ ಮೇಲಿಡುವ ಸ್ಕ್ಯಾನರ್ ರಿಸೀವರ್ ಒಂದಿದೆ. ತಾರಸಿಯ ಮೇಲೆ ಕಬ್ಬಿಣದ ಕೊಳವೆಗೆ ಕಟ್ಟಿದ ಆಂಟೆನಾ. ರಿಸೀವರಿನ ಇಯರ್‌ಫೋನ್ ಜಾಕ್‌ನಿಂದ ಲ್ಯಾಪ್‌ಟಾಪಿನ ಮೈಕ್ ಜಾಕ್‌ಗೆ ತಂತಿ ಕೊಟ್ಟು, ಹ್ಯಾಮ್‌ಗಳು ಬಳಸುವ ಎರಡು ಮೀಟರ್ ಬ್ಯಾಂಡಿನ ಮಾತುಕತೆಯನ್ನೂ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಆಗಾಗ ಬರುವ ಚಿತ್ರಸಂಕೇತವನ್ನೂ (ಸದ್ದಿನ ರೂಪದಲ್ಲಿ ಬರುವ ಚಿತ್ರ) ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಸ್ಪೀಕರಿನಲ್ಲಿ ಕೇಳಿದರೆ ಧ್ವನಿ ಸ್ವಚ್ಛವಾಗಿದೆ. ರೆಕಾರ್ಡ್ ಆದದ್ದನ್ನು ಕೇಳಿದರೆ ಉದ್ದಕ್ಕೂ ಗುಂಯ್ ಎನ್ನುತ್ತದೆ, ಮೌಸ್ ಆಡಿಸಿದಾಗಲೆಲ್ಲ ಕಿರ್ ಎಂದು ಕೀರಲು ಸದ್ದು. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದರೆ ಗುಂಯ್ ಬಹುಪಾಲು ನಿಲ್ಲುತ್ತದೆ. ಅಂಗಡಿಯವರು ಕೊಟ್ಟ ದುಬಾರಿ ಷೀಲ್ಡ್ ತಂತಿ ಹಾಕಿದರೂ ಏನೂ ಬದಲಾಗಲಿಲ್ಲ. ಗೆಳೆಯರೊಬ್ಬರು ಚಾರ್ಜರಿನ ಅರ್ಥ್ ಪಿನ್ ಕಿತ್ತುಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಕೀಳಬಹುದೇ? ಇಲ್ಲವಾದರೆ ಏನು ಕೊಳ್ಳಬೇಕು? ಈಗಾಗಲೇ ಹಾಳಾಗಿರುವ ರೆಕಾರ್ಡಿಂಗುಗಳನ್ನು ಉಳಿಸಿಕೊಳ್ಳಲು ಸಾಧ್ಯವೇ?

ಉತ್ತರ: ಪಿನ್ ಕೀಳಬೇಡಿ. ನಿಮ್ಮ ಗೆಳೆಯರು ಸುಳ್ಳು ಹೇಳಿಲ್ಲ, ಕಿತ್ತರೆ ಗುಂಯ್ ನಿಜಕ್ಕೂ ನಿಲ್ಲಬಹುದು. ಈ ಸಲಹೆ ಇಷ್ಟು ವರ್ಷ ಬದುಕಿಕೊಂಡು ಬಂದಿರುವುದೇ ಅದರಿಂದ. ಆದರೆ ಮೂರು ಪಿನ್ನಿನ ಚಾರ್ಜರಿನೊಳಗೆ ಫೇಸಿನಿಂದ ಅರ್ಥ್‌ಗೂ ನ್ಯೂಟ್ರಲ್‌ನಿಂದ ಅರ್ಥ್‌ಗೂ ಒಂದೊಂದು ಚಿಕ್ಕ ಕೆಪಾಸಿಟರ್ ಇರುತ್ತದೆ. ಅರ್ಥ್ ಕಿತ್ತ ಕೂಡಲೇ ಆ ನಡುಬಿಂದು ಎಲ್ಲಿಗೂ ಅಂಟಿಕೊಳ್ಳದೆ 230 ವೋಲ್ಟಿನ ಅರ್ಧದಷ್ಟರಲ್ಲಿ ತೇಲತೊಡಗುತ್ತದೆ. ಲ್ಯಾಪ್‌ಟಾಪಿನ ಲೋಹದ ಮೈಯನ್ನು ಸವರಿದರೆ ಇರುವೆ ಹರಿದಂತೆ ಜುಮ್ಮೆನ್ನುವುದು, ಟೆಸ್ಟರ್ ಮಿಣುಕುವುದು ಇದರಿಂದಲೇ. ಅಷ್ಟು ಮಾತ್ರದಿಂದ ಯಾರೂ ಸಾಯುವುದಿಲ್ಲ, ಹರಿಯುವ ಕರೆಂಟ್ ಬಹಳ ಸಣ್ಣದು. ಆದರೆ ಚಾರ್ಜರಿನ ಒಳಗಿನ ನಿರೋಧಕ ಪದರ ಎಂದಾದರೊಂದು ದಿನ ಒಡೆದರೆ, ಪೂರ್ತಿ 230 ವೋಲ್ಟ್ ನಿಮ್ಮ ಆಡಿಯೊ ತಂತಿಯ ಮೂಲಕ ರಿಸೀವರಿಗೆ, ರಿಸೀವರಿನಿಂದ ಕಿವಿಯಲ್ಲಿರುವ ಇಯರ್‌ಫೋನಿಗೆ ದಾರಿ ಹುಡುಕುತ್ತದೆ. ಒಂದು ಗುಂಯ್ ಸದ್ದಿಗಾಗಿ ಈ ಬೆಲೆ ತೆರಬೇಕಾಗಿಲ್ಲ. ಅದೇ ಕೆಲಸವನ್ನು ಸುರಕ್ಷಿತವಾಗಿ ಮಾಡುವ ದಾರಿ ಇದೆ, ಅದಕ್ಕೆ ಬರುತ್ತೇನೆ.

ಅದಕ್ಕೆ ಮೊದಲು ಒಂದು ಮಾತು. ಈ ಬಗೆಯ ತೊಂದರೆ ತೆಗೆದುಕೊಂಡು ಬರುವವರಲ್ಲಿ ಹೆಚ್ಚಿನವರು ಆಗಲೇ ಏನಾದರೂ ಕೊಂಡಿರುತ್ತಾರೆ: ಷೀಲ್ಡ್ ತಂತಿ, ಫೆರೈಟ್ ಮಣಿ (ತಂತಿಗೆ ತೊಡಿಸುವ ಕಾಂತೀಯ ಉಂಗುರ), ಫಿಲ್ಟರ್ ಇರುವ ಪ್ಲಗ್ ಬೋರ್ಡ್. ಸದ್ದು ಯಾವ ಬಾಗಿಲಿನಿಂದ ಒಳಗೆ ಬಂತು ಎಂದು ಯಾರೂ ನೋಡಿರುವುದಿಲ್ಲ. ಬಾಗಿಲುಗಳು ಇರುವುದು ಮೂರೇ. ಆಂಟೆನಾದಿಂದ ರೇಡಿಯೊ ತರಂಗವಾಗಿ ಬರಬಹುದು, ವಿದ್ಯುತ್ ಅಡಾಪ್ಟರಿನಿಂದ ಬರಬಹುದು, ರಿಸೀವರ್ ಮತ್ತು ಲ್ಯಾಪ್‌ಟಾಪಿನ ನಡುವಿನ ಆಡಿಯೊ ತಂತಿಯಲ್ಲಿ ಬರಬಹುದು. ಒಂದು ಬಾಗಿಲಿಗೆ ಹಾಕುವ ಅಗುಳಿ ಇನ್ನೊಂದಕ್ಕೆ ಕೂರುವುದಿಲ್ಲ.

ಪತ್ತೆ ಹಚ್ಚಲು ಕಾಸು ಖರ್ಚಿಲ್ಲ. ರೆಕಾರ್ಡಿಂಗ್ ಶುರು ಮಾಡಿ, ಎಲ್ಲವೂ ಎಂದಿನಂತೆಯೇ ಇರುವಾಗ ಅರ್ಧ ನಿಮಿಷ ಬಿಡಿ. ಆಮೇಲೆ ರಿಸೀವರಿನ ವಾಲ್ಯೂಮನ್ನು ಪೂರ್ತಿ ಸೊನ್ನೆಗೆ ಇಳಿಸಿ. ಗುಂಯ್ ಒಂದಿಷ್ಟೂ ತಗ್ಗದೆ ಹಾಗೆಯೇ ಇದ್ದರೆ ಅದು ವಾಲ್ಯೂಮ್ ತಿರುಪಿನ ಈಚೆ, ಅಂದರೆ ತಂತಿಯಲ್ಲೋ ಲ್ಯಾಪ್‌ಟಾಪಿನಲ್ಲೋ ಸೇರಿಕೊಂಡಿದೆ. ವಾಲ್ಯೂಮಿನ ಜೊತೆಗೇ ಇಳಿದರೆ ಅದು ರಿಸೀವರಿನೊಳಗೆ ಅಥವಾ ಅದಕ್ಕೂ ಮೊದಲೇ ಇದೆ. (ಕೆಲವು ಸ್ಕ್ಯಾನರುಗಳಲ್ಲಿ ರೆಕಾರ್ಡಿಂಗಿಗೆಂದೇ ಪ್ರತ್ಯೇಕ ಲೈನ್ ಔಟ್ ಇರುತ್ತದೆ, ಅದು ವಾಲ್ಯೂಮಿಗೆ ಬಗ್ಗುವುದಿಲ್ಲ, ಅಂಥ ಕಡೆ ಸ್ಕ್ವೆಲ್ಚ್, ಅಂದರೆ ಸಂಕೇತವಿಲ್ಲದಾಗ ಧ್ವನಿಯನ್ನು ತಡೆಯುವ ಬಾಗಿಲು, ಮುಚ್ಚಿ ನೋಡಿ.) ನಂತರ ಲ್ಯಾಪ್‌ಟಾಪ್ ಚಾರ್ಜರ್ ತೆಗೆಯಿರಿ, ಮತ್ತೆ ಹಾಕಿ. ಆಂಟೆನಾ ಕೇಬಲ್ ಬಿಚ್ಚಿ, ಮತ್ತೆ ಹಾಕಿ. ಒಂದೊಂದು ಸಲವೂ ಮಾಡಿದ್ದೇನೆಂದು ಬಾಯಲ್ಲಿ ಹೇಳುವುದಕ್ಕಾಗುವುದಿಲ್ಲ, ಮೈಕ್ ಇಲ್ಲವಲ್ಲ. ಗಡಿಯಾರ ನೋಡಿ ಚೀಟಿಯಲ್ಲಿ ಬರೆದುಕೊಳ್ಳಿ.

ಆಂಟೆನಾ ಬಿಚ್ಚುವ ಹಂತದಲ್ಲಿ ಬಹಳ ಜನ ಮೋಸಹೋಗುತ್ತಾರೆ. ಕೇಬಲ್ ಬಿಚ್ಚಿದೊಡನೆ ಗುಂಯ್ ಹೋಯಿತು, ಹಾಗಾದರೆ ಸದ್ದು ಆಂಟೆನಾದಿಂದ ಬರುತ್ತಿದೆ ಎಂದು ತೀರ್ಮಾನಿಸಿ ತಾರಸಿ ಹತ್ತುತ್ತಾರೆ. ಅವಸರಪಡಬೇಡಿ. ಬಿಚ್ಚಿದ ಕನೆಕ್ಟರನ್ನು ಕೈಯಲ್ಲಿ ಹಿಡಿದು, ನಡುವಿನ ಸೂಜಿ ಎಲ್ಲಿಗೂ ತಾಕದಂತೆ, ಅದರ ಹೊರಗಿನ ಲೋಹದ ಬಳೆಯನ್ನಷ್ಟೇ ರಿಸೀವರಿನ ಸಾಕೆಟ್ಟಿನ ಹೊರಮೈಗೆ ಮುಟ್ಟಿಸಿ. ಈಗ ರೇಡಿಯೊ ಸಂಕೇತ ಒಳಗೆ ಹೋಗುವ ಹಾದಿ ಇಲ್ಲ. ಹಾಗಿದ್ದರೂ ಗುಂಯ್ ಮರಳಿ ಬಂದರೆ, ಅಪರಾಧಿ ಆಂಟೆನಾ ಹಿಡಿದ ಅಲೆಯಲ್ಲ, ಕೇಬಲ್ಲಿನ ಹೊರಕವಚದಲ್ಲಿ ಹರಿಯುತ್ತಿರುವ 50 ಹರ್ಟ್ಸ್ ಕರೆಂಟ್. ಗುಡುಗು ಮಿಂಚಿನ ಸಂಜೆ ಮಾತ್ರ ಈ ಪ್ರಯೋಗ ಬೇಡ.

ನಿಮ್ಮ ಮನೆಯಲ್ಲಿ ಹೀಗೇ ಆಗುತ್ತದೆ ಎಂದು ನಾನು ಪಣ ಕಟ್ಟುತ್ತೇನೆ. ಸ್ಪೀಕರಿನಲ್ಲಿ ಸದ್ದಿಲ್ಲ, ಚಾರ್ಜರ್ ತೆಗೆದರೆ ಸದ್ದಿಲ್ಲ, ತಂತಿ ಬದಲಿಸಿದರೂ ಫಲವಿಲ್ಲ ಎಂದು ನೀವೇ ಬರೆದಿದ್ದೀರಿ. ಇದು ಅರ್ಥ್ ಲೂಪ್. ತಾರಸಿಯ ಕೊಳವೆ ಯಾವುದೋ ರೀತಿಯಲ್ಲಿ ನೆಲಕ್ಕೆ ತಾಗಿದೆ. ಒದ್ದೆ ಗೋಡೆಯ ಮೂಲಕವೋ, ಸಿಡಿಲಿಗೆಂದು ಹಾಕಿದ ಪ್ರತ್ಯೇಕ ಅರ್ಥಿಂಗ್ ಮೂಲಕವೋ. ಅಲ್ಲಿಂದ ಕೋಆಕ್ಸ್ ಕೇಬಲ್ಲಿನ ಕವಚ ರಿಸೀವರಿನ ಮೈಗೆ, ಆಡಿಯೊ ತಂತಿಯ ಕವಚ ಲ್ಯಾಪ್‌ಟಾಪಿನ ಮೈಗೆ, ಚಾರ್ಜರಿನ ಮೂರನೆಯ ಪಿನ್ ಮನೆಯ ಅರ್ಥಿಂಗ್ ಗುಂಡಿಗೆ. ಎರಡು ಗುಂಡಿಗಳ ನಡುವೆ ನೆಲವೇ ತಂತಿ. ಮನೆ ಸುತ್ತ ಒಂದು ದೊಡ್ಡ ಬಳೆ ತೊಡಿಸಿದಂತಾಯಿತು. ಆ ಎರಡು ಗುಂಡಿಗಳ ನಡುವೆ ಒಂದಿಷ್ಟು ಮಿಲಿವೋಲ್ಟ್ ವ್ಯತ್ಯಾಸ ಸದಾ ಇದ್ದೇ ಇರುತ್ತದೆ, ಪಕ್ಕದ ಮನೆಯ ಬೋರ್‌ವೆಲ್ ಮೋಟಾರ್ ಶುರುವಾದರೆ ಇನ್ನಷ್ಟು.

ಲೆಕ್ಕ ಹಾಕಿ ನೋಡೋಣ. ಆಡಿಯೊ ತಂತಿಯ ಕವಚದ ರೋಧ 0.1 ಓಮ್ ಎಂದಿಟ್ಟುಕೊಳ್ಳಿ. ಅದರಲ್ಲಿ 10 ಮಿಲಿಆಂಪಿಯರ್ ಹರಿದರೆ ಎರಡು ತುದಿಗಳ ನಡುವೆ 1 ಮಿಲಿವೋಲ್ಟ್ ಹುಟ್ಟುತ್ತದೆ. ಅದು ನಿಮ್ಮ ಸಂಕೇತದ ಬೆನ್ನೇರಿ ಲ್ಯಾಪ್‌ಟಾಪಿಗೆ ಹೋಗುತ್ತದೆ. ಮೈಕ್ ಜಾಕ್ ಇರುವುದೇ ಕೆಲವು ಮಿಲಿವೋಲ್ಟುಗಳಿಗಾಗಿ. ಹೆಚ್ಚು ಕೊಟ್ಟರೆ ಧ್ವನಿ ಒಡೆಯುತ್ತದೆಂದು ನೀವು ರಿಸೀವರಿನ ವಾಲ್ಯೂಮನ್ನು ತೀರಾ ತಗ್ಗಿಸಿಟ್ಟಿರುತ್ತೀರಿ, 10 ಮಿಲಿವೋಲ್ಟಿನ ಆಸುಪಾಸು. ಅಂದರೆ ಮಾತಿನ ಹತ್ತರಲ್ಲಿ ಒಂದು ಪಾಲು ಗುಂಯ್, 20 ಡೆಸಿಬೆಲ್ ಅಂತರ ಮಾತ್ರ. ಅದೇ ತಂತಿಯಲ್ಲಿ ಸಂಕೇತ 500 ಮಿಲಿವೋಲ್ಟ್ ಇದ್ದಿದ್ದರೆ ಅದೇ ಗುಂಯ್ ಐನೂರರಲ್ಲಿ ಒಂದು ಪಾಲು, 54 ಡೆಸಿಬೆಲ್ ಕೆಳಗೆ. ಸದ್ದು ಅಷ್ಟೇ ಇದೆ, ಮಾತು ದೊಡ್ಡದಾಗಿದೆ. ನಿಮ್ಮ ದುಬಾರಿ ತಂತಿ ಏಕೆ ಸೋತಿತು ಎನ್ನುವುದೂ ಇಲ್ಲೇ ಇದೆ: ಷೀಲ್ಡ್ ಹೊರಗಿನ ವಿದ್ಯುತ್ ಕ್ಷೇತ್ರವನ್ನು ತಡೆಯುತ್ತದೆ, ಆದರೆ ಇಲ್ಲಿ ಕರೆಂಟ್ ಹರಿಯುತ್ತಿರುವುದು ಷೀಲ್ಡಿನಲ್ಲೇ. ಬೇಲಿಯೇ ಎದ್ದು ಹೊಲ ಮೇಯುತ್ತಿದೆ.

ಇದರಿಂದ ಮೊದಲ ಮದ್ದು ತಾನಾಗಿಯೇ ಹೊರಡುತ್ತದೆ. ರಿಸೀವರಿನ ವಾಲ್ಯೂಮನ್ನು ಏರಿಸಿ, ತಂತಿಯಲ್ಲಿ ಸಂಕೇತ ಜೋರಾಗಿಯೇ ಹರಿಯಲಿ, ಲ್ಯಾಪ್‌ಟಾಪಿನ ಬಾಗಿಲಲ್ಲಿ ಅದನ್ನು ತಗ್ಗಿಸಿ. 10 ಕಿಲೋಓಮ್ ರೆಸಿಸ್ಟರ್ ಒಂದು ಸರಣಿಯಲ್ಲಿ, 100 ಓಮ್ ಒಂದು ನೆಲಕ್ಕೆ, ಅಂದರೆ ತಂತಿಯ ಕವಚಕ್ಕೆ. ನೂರೊಂದನೇ ಒಂದು ಪಾಲು ದಾಟುತ್ತದೆ, 40 ಡೆಸಿಬೆಲ್ ಇಳಿಕೆ. ಎರಡು ರೂಪಾಯಿಯ ಸಾಮಾನು. ಆದರೆ ಈ ರೆಸಿಸ್ಟರುಗಳು ಲ್ಯಾಪ್‌ಟಾಪಿನ ಕಡೆಯ ಪಿನ್ನಿನೊಳಗೆ ಇರಬೇಕು. ರಿಸೀವರಿನ ಕಡೆ ಬೆಸೆದರೆ ಉದ್ದ ತಂತಿಯಲ್ಲಿ ಮತ್ತೆ ಮಿಲಿವೋಲ್ಟಿನ ಸಂಕೇತವೇ ಹರಿದು, ಗುಂಯ್ ಮೊದಲಿನಷ್ಟೇ ಕೂಡಿಕೊಳ್ಳುತ್ತದೆ. ಲ್ಯಾಪ್‌ಟಾಪಿನ ಕಡೆ ಇದ್ದರೆ ಮಾತಿನ ಜೊತೆಗೆ ಗುಂಯ್ ಕೂಡ ನೂರು ಪಾಲು ಕುಗ್ಗುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಸಿದ್ಧ ಅಟೆನ್ಯುಯೇಟರ್ ತಂತಿಗಳನ್ನು ನಾನು ಬಿಚ್ಚಿ ನೋಡಿದ್ದೇನೆ. ರೆಸಿಸ್ಟರ್ ಯಾವ ತುದಿಯಲ್ಲಿದೆ ಎಂದು ಹೊರಗೆ ಗುರುತೇ ಇರುವುದಿಲ್ಲ. ಕೆಲಸ ಮಾಡದಿದ್ದರೆ ತಿರುಗಿಸಿ ಹಾಕಿ ನೋಡಿ.

ಮೈಕ್ ಜಾಕ್‌ನಲ್ಲಿ ಇನ್ನೊಂದು ಕೀಟಲೆ ಇದೆ. ಮೈಕಿಗೆ ಬೇಕೆಂದು ಲ್ಯಾಪ್‌ಟಾಪ್ ತಾನೇ ಎರಡು ಎರಡೂವರೆ ವೋಲ್ಟ್ ಡಿಸಿ ಹೊರಗೆ ಕಳಿಸುತ್ತದೆ. ಅದನ್ನು ತಡೆಯಲು 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸರಣಿಯಲ್ಲಿರಲಿ. ಈಗಿನ ಲ್ಯಾಪ್‌ಟಾಪುಗಳಲ್ಲಿ ಇಯರ್‌ಫೋನಿಗೂ ಮೈಕಿಗೂ ಒಂದೇ ಜಾಕ್. ಅದರ ಪಿನ್ನಿಗೆ ನಾಲ್ಕು ಪಟ್ಟಿ. ಮೂರು ಪಟ್ಟಿಯ ಮಾಮೂಲಿ ಪಿನ್ ಚುಚ್ಚಿದರೆ ಮೈಕಿನ ಪಟ್ಟಿ ನೆಲಕ್ಕೆ ಅಂಟಿಹೋಗುತ್ತದೆ, ಲ್ಯಾಪ್‌ಟಾಪ್ ಏನನ್ನೂ ಕೇಳಿಸಿಕೊಳ್ಳುವುದಿಲ್ಲ. ಕೆಪಾಸಿಟರ್ ಹಾಕಿದ ಮೇಲೆ ಡಿಸಿ ಎಲ್ಲಿಗೂ ಹರಿಯದೆ, ಮೈಕ್ ಚುಚ್ಚಿಯೇ ಇಲ್ಲ ಎಂದುಕೊಂಡು ಕೆಲವು ಲ್ಯಾಪ್‌ಟಾಪುಗಳು ಮುನಿಸಿಕೊಳ್ಳುತ್ತವೆ. ಕೆಪಾಸಿಟರಿನ ಲ್ಯಾಪ್‌ಟಾಪ್ ಕಡೆಯ ಕಾಲಿನಿಂದ ನೆಲಕ್ಕೆ 2.2 ಕಿಲೋಓಮ್ ಒಂದನ್ನು ಸೇರಿಸಿದರೆ ಸಮಾಧಾನ. ಇಷ್ಟೆಲ್ಲ ಬೆಸೆಯುವ ತಾಳ್ಮೆ ಇಲ್ಲದವರು ಮುಂದೆ ಹೇಳುವ ಯುಎಸ್‌ಬಿ ಸೌಂಡ್ ಕಾರ್ಡಿನ ದಾರಿ ಹಿಡಿಯಿರಿ, ನನಗೇನೂ ಬೇಸರವಿಲ್ಲ.

ರೆಸಿಸ್ಟರುಗಳು ಗುಂಯ್ಯನ್ನು ಕುಗ್ಗಿಸುತ್ತವೆ, ಬಳೆಯನ್ನು ತುಂಡರಿಸುವುದಿಲ್ಲ. ತುಂಡರಿಸುವುದು ಟ್ರಾನ್ಸ್‌ಫಾರ್ಮರ್. 600 ಓಮಿಗೆ 600 ಓಮಿನ, ಒಂದಕ್ಕೊಂದು ಅನುಪಾತದ ಪುಟ್ಟ ಆಡಿಯೊ ಟ್ರಾನ್ಸ್‌ಫಾರ್ಮರ್, ಬೆರಳ ತುದಿಯಷ್ಟಿರುತ್ತದೆ. ಮನೆಯಲ್ಲಿ ಹಳೆಯ ಡಯಲ್‌ಅಪ್ ಮೋಡೆಮ್ ಬಿದ್ದಿದ್ದರೆ ಅದರ ಹಲಗೆಯಲ್ಲೇ ಒಂದು ಇದೆ, ಹ್ಯಾಮ್‌ಗಳು ಅದನ್ನು ಕಿತ್ತು ಬಳಸುವುದು ಹಳೆಯ ರೂಢಿ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಬಹುದು. ಅಥವಾ ಕಾರ್ ಸ್ಟೀರಿಯೊಗಳಿಗೆಂದು ಎರಡೂ ಕಡೆ 3.5 ಮಿಲಿಮೀಟರ್ ಜಾಕ್ ಇರುವ ‘ಗ್ರೌಂಡ್ ಲೂಪ್ ಐಸೊಲೇಟರ್’ ಎಂಬ ಸಿದ್ಧ ಡಬ್ಬಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಒಳಗಿರುವುದು ಇದೇ. ಅಗ್ಗದವು ಮಂದ್ರ ಸ್ವರಗಳನ್ನು ನುಂಗುತ್ತವೆ ಎಂದು ಸಂಗೀತಪ್ರಿಯರು ದೂರುತ್ತಾರೆ. ನಮಗೆ ಬೇಕಾದದ್ದು 300ರಿಂದ 3000 ಹರ್ಟ್ಸ್ ನಡುವಿನ ಮಾತು. ಕೆಳಗಿನದನ್ನು ನುಂಗಿದರೆ ಒಳ್ಳೆಯದೇ ಆಯಿತು. ನಿಮ್ಮ ಗೆಳೆಯರು ಪಿನ್ ಕಿತ್ತು ಮಾಡಲು ಹೊರಟ ಕೆಲಸವನ್ನೇ ಇದು ಮಾಡುತ್ತದೆ. ಮಾತು ಕಾಂತಕ್ಷೇತ್ರವಾಗಿ ದಾಟುತ್ತದೆ, ಎರಡು ಕಡೆಯ ನೆಲಗಳು ಪರಸ್ಪರ ಮುಟ್ಟುವುದಿಲ್ಲ, ಅರ್ಥ್ ಪಿನ್ ತನ್ನ ಜಾಗದಲ್ಲೇ ಇರುತ್ತದೆ.

ಮುಟ್ಟುವುದಿಲ್ಲ ಎಂದೆ. ನನ್ನ ಮೊದಲ ಐಸೊಲೇಟರನ್ನು ನಾನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಕಟ್ಟಿದ್ದೆ. ಲೋಹದ ಡಬ್ಬಿ ಒಳ್ಳೆಯ ಷೀಲ್ಡ್ ಎಂಬ ಹೆಮ್ಮೆ ಬೇರೆ. ಎರಡೂ ಬದಿಗೆ ರಂಧ್ರ ಕೊರೆದು, ಎರಡು ಲೋಹದ ಜಾಕ್‌ಗಳನ್ನು ನಟ್ಟಿನಿಂದ ಬಿಗಿದು, ನಡುವೆ ಟ್ರಾನ್ಸ್‌ಫಾರ್ಮರ್ ಬೆಸೆದೆ. ಗುಂಯ್ ಕೂದಲಷ್ಟೂ ಕಡಿಮೆಯಾಗಲಿಲ್ಲ. ಎರಡು ಸಂಜೆ ಟ್ರಾನ್ಸ್‌ಫಾರ್ಮರನ್ನು ಬೈದು, ಇನ್ನೊಂದು ತಂದು ಬದಲಿಸಿ, ಕೊನೆಗೆ ಮಲ್ಟಿಮೀಟರನ್ನು ಒಂದು ಜಾಕ್‌ನ ಕತ್ತಿನಿಂದ ಇನ್ನೊಂದರ ಕತ್ತಿಗೆ ಇಟ್ಟಾಗ ಅದು ಪೀ ಎಂದು ಕೂಗಿತು. ಎರಡು ನೆಲಗಳನ್ನೂ ಡಬ್ಬಿಯೇ ಕೂಡಿಸಿಬಿಟ್ಟಿತ್ತು. ಒಂದು ಜಾಕ್ ಬಿಚ್ಚಿ, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ವಾಷರ್ ಹಾಕಿ ಬಿಗಿದೊಡನೆ ಮನೆ ನಿಶ್ಶಬ್ದವಾಯಿತು. ನೀವು ಪ್ಲಾಸ್ಟಿಕ್ ಡಬ್ಬಿ ಬಳಸಿ, ಮುಗಿದ ಮೇಲೆ ಮೀಟರಿನಲ್ಲಿ ನೋಡಿ. ಇನ್ನೊಂದು ವಿಷಯ: ಈ ಪುಟ್ಟ ಟ್ರಾನ್ಸ್‌ಫಾರ್ಮರ್ ಹತ್ತಿರದ ದೊಡ್ಡ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವನ್ನೂ ಹಿಡಿಯುತ್ತದೆ. ತೂಕದ ಹಳೆಯ ಅಡಾಪ್ಟರ್ ಅಥವಾ ಸ್ಟೆಬಿಲೈಜರ್ ಪಕ್ಕ ಇಟ್ಟರೆ ಹೊಸ ಗುಂಯ್ ಕೊಂಡುಕೊಂಡಂತೆ. ಅರ್ಧ ಮೀಟರ್ ದೂರವಿಟ್ಟು, ಹೆಡ್‌ಫೋನ್ ಹಾಕಿಕೊಂಡು ಡಬ್ಬಿಯನ್ನು ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಸದ್ದು ಮಾಯವಾಗುತ್ತದೆ.

ಇದರ ಜೊತೆಗೆ, ರಿಸೀವರನ್ನೂ ಲ್ಯಾಪ್‌ಟಾಪನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಚುಚ್ಚಿ. ತಾರಸಿಯ ಕೊಳವೆಯ ಅರ್ಥಿಂಗನ್ನು ಮನೆಯ ಮುಖ್ಯ ಅರ್ಥಿಂಗಿಗೆ ದಪ್ಪ ತಂತಿಯಲ್ಲಿ ಕೂಡಿಸಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಸಿಡಿಲಿನ ದೃಷ್ಟಿಯಿಂದಲೂ ಹಾಗೆ ಮಾಡುವುದೇ ಸರಿ. ಅವರು ಬಂದಾಗ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎಷ್ಟು ವೋಲ್ಟ್ ಇದೆಯೆಂದು ಅಳೆಸಿ. ಒಂದೆರಡು ವೋಲ್ಟ್ ಇದ್ದರೆ ಚಿಂತೆಯಿಲ್ಲ. ಹತ್ತಾರು ವೋಲ್ಟ್ ತೋರಿಸಿದರೆ ಅರ್ಥಿಂಗ್ ಗುಂಡಿ ಒಣಗಿದೆ ಅಥವಾ ತಂತಿ ಎಲ್ಲೋ ಸಡಿಲವಾಗಿದೆ. ರೆಕಾರ್ಡಿಂಗ್ ಮರೆತು ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಈಗ ಮೌಸ್ ಆಡಿಸಿದಾಗಿನ ಕಿರ್ ಸದ್ದು. ಅದರ ಜಾತಿಯೇ ಬೇರೆ. ಮೌಸ್ ಆಡಿದಾಗ, ಕಿಟಕಿ ಜಾರಿದಾಗ ಪ್ರೊಸೆಸರ್ ಎಳೆಯುವ ಕರೆಂಟ್ ಏರಿಳಿಯುತ್ತದೆ. ಲ್ಯಾಪ್‌ಟಾಪಿನೊಳಗಿನ ನೆಲದ ಪಟ್ಟಿಯಲ್ಲಿ ಅದು ಸಣ್ಣ ಅಲೆಯೆಬ್ಬಿಸುತ್ತದೆ, ಪಕ್ಕದಲ್ಲೇ ಇರುವ ಮೈಕಿನ ಆಂಪ್ಲಿಫೈಯರ್ ಅದನ್ನು ಸಾವಿರ ಪಾಲು ಹಿಗ್ಗಿಸಿ ತೋರಿಸುತ್ತದೆ. ಸಂಕೇತ ಜೋರಾಗಿ ಕೊಟ್ಟು ಮೈಕಿನ ‘ಬೂಸ್ಟ್’ ಸೊನ್ನೆಗೆ ಇಳಿಸಿದರೆ ಸುಮಾರಾಗಿ ತಗ್ಗುತ್ತದೆ. ಪೂರ್ತಿ ಹೋಗಬೇಕೆಂದರೆ ಧ್ವನಿಯನ್ನು ಅಂಕಿಗಳಾಗಿಸುವ ಕೆಲಸವನ್ನು ಲ್ಯಾಪ್‌ಟಾಪಿನ ಹೊರಗೆ ತರಬೇಕು. ಅದಕ್ಕೆ ಯುಎಸ್‌ಬಿ ಸೌಂಡ್ ಕಾರ್ಡ್. ಲೈನ್ ಇನ್ (ಜೋರು ಸಂಕೇತಕ್ಕೆಂದೇ ಇರುವ ಜಾಕ್) ಇರುವುದನ್ನೇ ಆರಿಸಿ. ಬರೀ ಮೈಕ್ ಜಾಕ್ ಇರುವ ಪುಟ್ಟದ್ದಾದರೆ ಮೇಲೆ ಹೇಳಿದ ರೆಸಿಸ್ಟರುಗಳು ಅದಕ್ಕೂ ಬೇಕು. ಒಂದು ಅಡಿಯ ಎಕ್ಸ್‌ಟೆನ್ಷನ್ ತಂತಿಯ ತುದಿಯಲ್ಲಿ, ಲ್ಯಾಪ್‌ಟಾಪಿನಿಂದ ದೂರ ಇಡಿ. ಯುಎಸ್‌ಬಿ ಕಾರ್ಡ್ ಹಾಕಿದೆ, ಆದರೂ ಗುಂಯ್ ಹೋಗಲಿಲ್ಲ ಎಂದು ಅನೇಕರು ದೂರುತ್ತಾರೆ. ಹೋಗುವುದಿಲ್ಲ. ಯುಎಸ್‌ಬಿ ತಂತಿಯಲ್ಲೂ ನೆಲದ ಎಳೆ ಇದೆ, ಬಳೆ ಅದರ ಮೂಲಕ ಸುತ್ತುತ್ತದೆ. ಕಾರ್ಡ್ ಕಿರ್ ಸದ್ದಿಗೆ, ಟ್ರಾನ್ಸ್‌ಫಾರ್ಮರ್ ಗುಂಯ್ ಸದ್ದಿಗೆ. ಎರಡು ಸದ್ದೂ ಪೂರ್ತಿ ಹೋಗಬೇಕೆಂದರೆ ಎರಡೂ ಬೇಕು.

ಈ ಎಲ್ಲ ರಾಮಾಯಣವನ್ನು ಒಂದೇ ಏಟಿಗೆ ಮುಗಿಸುವ ಉಪಾಯವೂ ಇದೆ: ಬ್ಯಾಟರಿಯಲ್ಲಿ ನಡೆಯುವ, ಲೈನ್ ಇನ್ ಇರುವ ಕೈ ಗಾತ್ರದ ಡಿಜಿಟಲ್ ರೆಕಾರ್ಡರ್. ಗೋಡೆಯ ಪ್ಲಗ್ಗಿಗೂ ಅದಕ್ಕೂ ಸಂಬಂಧವೇ ಇಲ್ಲದ ಮೇಲೆ ಲೂಪ್ ಎಲ್ಲಿಂದ ಬರಬೇಕು? ಬಾಹ್ಯಾಕಾಶ ನಿಲ್ದಾಣ ತಲೆಯ ಮೇಲೆ ಹಾದುಹೋಗುವುದು ಹೆಚ್ಚೆಂದರೆ ಹತ್ತು ನಿಮಿಷ. ಅಷ್ಟು ಹೊತ್ತಿಗೆ ನಾನು ಇಂದಿಗೂ ಲ್ಯಾಪ್‌ಟಾಪ್ ನಂಬುವುದಿಲ್ಲ. ದಿನವಿಡೀ ಕಾಯುವ ರೆಕಾರ್ಡಿಂಗಿಗೆ ಮಾತ್ರ ಲ್ಯಾಪ್‌ಟಾಪ್ ಅನುಕೂಲ, ಅಲ್ಲಿ ಸದ್ದು ಬಂದಾಗ ಮಾತ್ರ ಎಚ್ಚರಗೊಳ್ಳುವಂತೆ ತಂತ್ರಾಂಶಕ್ಕೆ ಹೇಳಬಹುದು. ಗುಂಯ್ ಇದ್ದರೆ ಅದೂ ಕೆಡುತ್ತದೆ. ಮೌನವೇ ಇಲ್ಲವಾದ್ದರಿಂದ ಅದು ಮಲಗುವುದೇ ಇಲ್ಲ, ರಾತ್ರಿಯೆಲ್ಲ ಗುಂಯ್ಯನ್ನೇ ದಾಖಲಿಸಿಟ್ಟಿರುತ್ತದೆ. 48 ಕಿಲೋಹರ್ಟ್ಸ್, 16 ಬಿಟ್, ಒಂದೇ ವಾಹಿನಿಯ ವೇವ್ ಕಡತ ಗಂಟೆಗೆ ಸುಮಾರು 345 ಮೆಗಾಬೈಟ್ ತಿನ್ನುತ್ತದೆ.

ರಿಸೀವರಿನ ಅಡಾಪ್ಟರನ್ನೂ ಒಮ್ಮೆ ಅನುಮಾನಿಸಿ. ರೆಕಾರ್ಡ್ ಆದ ಗುಂಯ್ಯನ್ನು ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ತೆರೆದು ಅದರ ಸ್ಪೆಕ್ಟ್ರಮ್ ನಕ್ಷೆ ನೋಡಿ. ಗಾತ್ರವನ್ನು 16384ಕ್ಕೆ ಇಟ್ಟರೆ ಮೂರು ಹರ್ಟ್ಸಿನಷ್ಟು ನಿಖರವಾಗಿ ಕಾಣುತ್ತದೆ. 50, 150, 250ರಲ್ಲಿ ಮೊನೆಗಳು ಎದ್ದು ಕಂಡರೆ ಲೂಪ್ ಅಥವಾ ಹತ್ತಿರದ ಟ್ರಾನ್ಸ್‌ಫಾರ್ಮರ್. 100, 200, 300ರಲ್ಲಿ ಎದ್ದರೆ ಅಡಾಪ್ಟರಿನೊಳಗಿನ ಫಿಲ್ಟರ್ ಕೆಪಾಸಿಟರ್ ಒಣಗಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಡಯೋಡುಗಳು ಅಲೆಯ ಎರಡು ಮಗ್ಗುಲನ್ನೂ ಮೇಲೆ ತಿರುಗಿಸಿ ಸಂಖ್ಯೆಯನ್ನು ಇಮ್ಮಡಿಸುತ್ತವೆ. ಅಮೆರಿಕದಲ್ಲಿರುವ ಕನ್ನಡಿಗರು ಇದನ್ನು ಓದುತ್ತಿದ್ದರೆ 60 ಮತ್ತು 120 ಎಂದು ತಿದ್ದಿಕೊಳ್ಳಿ. ಮನೆಯಲ್ಲಿ ಯುಪಿಎಸ್ ಬಾಕ್ಸಿನ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ಇದ್ದು, ರಿಸೀವರಿನ ಹಿಂಬದಿಯಲ್ಲೂ 12 ವೋಲ್ಟ್ ಎಂದೇ ಬರೆದಿದ್ದರೆ, ಧನ ಋಣ ತುದಿಗಳನ್ನು ಎರಡೆರಡು ಸಲ ನೋಡಿ, ನಡುವೆ 1 ಆಂಪಿಯರ್ ಫ್ಯೂಸ್ ಹಾಕಿ ಅದರಲ್ಲೇ ನಡೆಸಿ. ಅರ್ಧ ಆಂಪಿಯರ್ ಎಳೆದರೂ ಹತ್ತು ಗಂಟೆಗೆ ಮೋಸವಿಲ್ಲ. ಕರೆಂಟ್ ಹೋದಾಗ ಅಗ್ಗದ ಚೌಕ ಅಲೆಯ ಇನ್ವರ್ಟರಿನಲ್ಲಿ ರೆಕಾರ್ಡ್ ಮಾಡುವುದಕ್ಕಿಂತ ಇದು ನೂರು ಪಾಲು ಮೇಲು.

ಆಂಟೆನಾದ ಬಾಗಿಲನ್ನು ನಿಮ್ಮ ವಿಷಯದಲ್ಲಿ ನಾನು ಕೊನೆಗಿಡುತ್ತಿದ್ದೇನೆ. ಎರಡು ಮೀಟರ್ ಬ್ಯಾಂಡಿನಲ್ಲಿ ಎಫ್‌ಎಂ ಬಳಸುತ್ತೇವೆ. ಸಂಕೇತ ಬಲವಾಗಿದ್ದರೆ ಎಫ್‌ಎಂ ರಿಸೀವರ್ ಹಿನ್ನೆಲೆಯ ಸದ್ದನ್ನು ತಾನೇ ಹೊಸಕಿಹಾಕುತ್ತದೆ. ಹತ್ತಿರದ ರಿಪೀಟರ್ (ಸಂಕೇತವನ್ನು ಹಿಡಿದು ಮರುಪ್ರಸಾರ ಮಾಡುವ ಕೇಂದ್ರ) ಪೂರ್ತಿ ಬಲದಿಂದ ಬರುತ್ತಿರುವಾಗಲೂ ಗುಂಯ್ ಇದ್ದರೆ ಅದು ಆಕಾಶದಿಂದ ಬಂದದ್ದಲ್ಲ. ಒಬ್ಬರು ಮಾತಾಡುವಾಗ ಮಾತ್ರ ಇದ್ದರೆ ಅದು ಅವರದೇ ಮನೆಯ ಗುಂಯ್, ಮೆಲ್ಲಗೆ ಅವರ ಕಿವಿಗೆ ಹಾಕಿ. ಆದರೆ ಲ್ಯಾಪ್‌ಟಾಪ್ ಹಚ್ಚಿದೊಡನೆ ಯಾರೂ ಮಾತಾಡದ ಆವರ್ತನದಲ್ಲಿ ಸ್ಕ್ವೆಲ್ಚ್ ತೆರೆದುಕೊಂಡು ಸ್ಕ್ಯಾನರ್ ಅಲ್ಲೇ ನಿಂತುಬಿಟ್ಟರೆ, ಅಥವಾ ದುರ್ಬಲ ನಿಲ್ದಾಣಗಳು ಬುಸುಗುಟ್ಟುವಿಕೆಯಲ್ಲಿ ಮುಳುಗಿದರೆ, ಆಗ ನಿಜಕ್ಕೂ ರೇಡಿಯೊ ಸದ್ದು. ಆಂಟೆನಾ ಲ್ಯಾಪ್‌ಟಾಪಿನಿಂದ, ರೂಟರಿನಿಂದ ಎಷ್ಟು ದೂರವೋ ಅಷ್ಟು ಒಳ್ಳೆಯದು. ಫೆರೈಟ್ ಮಣಿಗಳಿಗೆ ಈಗ ಕೆಲಸ. ಚಾರ್ಜರಿನ ತಂತಿಗೆ ಒಂದು ಮಣಿ ತಗುಲಿಹಾಕಿ ಏನೂ ಆಗಲಿಲ್ಲ ಎನ್ನಬೇಡಿ. ಅದರ ಪ್ರಭಾವ ಸುತ್ತುಗಳ ವರ್ಗಕ್ಕೆ ತಕ್ಕಂತೆ ಏರುತ್ತದೆ. ದೊಡ್ಡ ಮಣಿಯಲ್ಲಿ ಮೂರು ನಾಲ್ಕು ಸುತ್ತು ಹೊಡೆಯಿರಿ. 43 ಎಂಬ ಮಿಶ್ರಣದ ಫೆರೈಟ್ ಈ ಆವರ್ತನಕ್ಕೆ ಒಗ್ಗುತ್ತದೆ. 50 ಹರ್ಟ್ಸ್ ಗುಂಯ್ಯನ್ನು ಮಾತ್ರ ಯಾವ ಮಣಿಯೂ ಮುಟ್ಟುವುದಿಲ್ಲ.

ಮನೆಯಲ್ಲಿ ಯಾವ ಉಪಕರಣ ರಂಪ ಮಾಡುತ್ತಿದೆಯೆಂದು ಹುಡುಕಲು ಕಿಸೆಯ ಮೀಡಿಯಂ ವೇವ್ ರೇಡಿಯೊಗಿಂತ ಒಳ್ಳೆಯ ನಾಯಿ ಇಲ್ಲ. 612 ಕಿಲೋಹರ್ಟ್ಸಿನ ಬೆಂಗಳೂರು ಆಕಾಶವಾಣಿಯಿಂದ ಮುಳ್ಳನ್ನು ಸರಿಸಿ ಯಾವ ಕೇಂದ್ರವೂ ಇಲ್ಲದ ಜಾಗಕ್ಕೆ ತಂದು, ರೇಡಿಯೊ ಹಿಡಿದು ಕೋಣೆಕೋಣೆ ಸುತ್ತಿ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಗರ್ ಎನ್ನುತ್ತದೆ, ಅಗ್ಗದ ಎಲ್‌ಇಡಿ ಬಲ್ಬು ಹಿಸ್ ಎನ್ನುತ್ತದೆ. ನಮ್ಮ ಮನೆಯಲ್ಲಿ ಸಿಕ್ಕಿಬಿದ್ದದ್ದು ದೇವರ ಫೋಟೋಕ್ಕೆ ಸುತ್ತಿದ್ದ ಸೀರಿಯಲ್ ದೀಪದ ಅಡಾಪ್ಟರ್. ಅದನ್ನು ತೆಗೆಸಲು ಪಟ್ಟ ಪಾಡು ಬೇರೆಯೇ ಕಥೆ. ಈಗ ರೆಕಾರ್ಡಿಂಗ್ ಇರುವ ಹೊತ್ತು ಮಾತ್ರ ಅದು ಆರಿರುತ್ತದೆ, ಅಲ್ಲಿ ಎಣ್ಣೆಯ ದೀಪ ಉರಿಯುತ್ತದೆ.

ಸ್ಕ್ಯಾನರ್ ಕಿವಿಗೆ ಬಿದ್ದುದೆಲ್ಲ ರೆಕಾರ್ಡ್ ಮಾಡುವಂಥದ್ದಲ್ಲ ಎನ್ನುವುದನ್ನು ಪರವಾನಗಿ ಪಡೆದ ನಿಮಗೆ ಹೇಳಬೇಕಿಲ್ಲ. ಪೊಲೀಸ್ ವಾಹಿನಿಗಳಂಥವು ನಮ್ಮ ಕೆಲಸವಲ್ಲ, ಕಾನೂನೂ ಅದನ್ನು ಒಪ್ಪುವುದಿಲ್ಲ.

ಕೊಳ್ಳುವ ಪಟ್ಟಿ ಹಾಗಾದರೆ ಇಷ್ಟು: ಒಂದು ಐಸೊಲೇಟರ್, ಲೈನ್ ಇನ್ ಇರುವ ಒಂದು ಯುಎಸ್‌ಬಿ ಸೌಂಡ್ ಕಾರ್ಡ್. ಮೊದಲು ಐಸೊಲೇಟರ್ ಕೊಂಡು ಒಂದು ವಾರ ಬಳಸಿ, ಆಮೇಲೆ ಕಾರ್ಡ್ ಬೇಕೋ ಎಂದು ಯೋಚಿಸಿ. ರೆಕಾರ್ಡಿಂಗಿನ ಮಟ್ಟ ಮಾತಿನ ಏರುಗಳಲ್ಲಿ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಇರಲಿ. ವಿಂಡೋಸ್ ತಾನಾಗಿಯೇ ಧ್ವನಿಯನ್ನು ‘ಉತ್ತಮಪಡಿಸುವ’ ಆಯ್ಕೆಗಳನ್ನು ನಿಲ್ಲಿಸಿಬಿಡಿ. ಅದು ಮನುಷ್ಯರ ಮಾತನ್ನು ಮಾತ್ರ ಬಲ್ಲದು; ಚಿತ್ರಸಂಕೇತವನ್ನು ಗದ್ದಲವೆಂದು ತಿಳಿದು ಒರೆಸಿಹಾಕುತ್ತದೆ.

ಇನ್ನು ಹಳೆಯ ರೆಕಾರ್ಡಿಂಗುಗಳು. ಮೊದಲು ಮೂಲ ಕಡತಗಳ ಪ್ರತಿ ತೆಗೆದಿಟ್ಟು, ಪ್ರತಿಯ ಮೇಲೆ ಕೆಲಸ ಮಾಡಿ. ಮಾತಿನವು ಬಹುಪಾಲು ಉಳಿಯುತ್ತವೆ: 300 ಹರ್ಟ್ಸಿಗಿಂತ ಕೆಳಗಿನದನ್ನು ಹೈ-ಪಾಸ್ ಫಿಲ್ಟರಿನಿಂದ, ಆಕ್ಟೇವಿಗೆ 24 ಡೆಸಿಬೆಲ್ ಕಡಿದಾಗಿ, ಕತ್ತರಿಸಿದರೆ 50, 100, 150 ಎಲ್ಲವೂ ಹೋಗುತ್ತವೆ, ಮಾತಿಗೆ ಪೆಟ್ಟಿಲ್ಲ. ಮೇಲೆ 350, 450ರಲ್ಲಿ ಚೂಪಾದ ಮೊನೆಗಳು ಉಳಿದಿದ್ದರೆ ಒಂದೊಂದಕ್ಕೂ ಆ ಆವರ್ತನವನ್ನಷ್ಟೇ ಕತ್ತರಿಸುವ ನಾಚ್ ಫಿಲ್ಟರ್ ಹಾಕಿ. ಸದ್ದಿನ ಮಾದರಿ ಹಿಡಿದು ಕಳೆಯುವ ‘ನಾಯ್ಸ್ ರಿಡಕ್ಷನ್’ ಅನ್ನು ಆರು ಡೆಸಿಬೆಲಿಗಿಂತ ಹೆಚ್ಚು ಬಳಸಿದರೆ ಮನುಷ್ಯರು ಬಾವಿಯೊಳಗಿಂದ ನೀರು ಮುಕ್ಕಳಿಸುತ್ತ ಮಾತಾಡಿದಂತೆ ಕೇಳುತ್ತದೆ.

ಚಿತ್ರಸಂಕೇತಗಳಲ್ಲಿ ಗುಂಯ್ ಮಾತ್ರ ಇರುವವನ್ನು ಎಸೆಯಬೇಡಿ. ನಿಲ್ದಾಣ 145.800 ಮೆಗಾಹರ್ಟ್ಸಿನಲ್ಲಿ ಸಾಮಾನ್ಯವಾಗಿ ಬಳಸುವ ಪಿಡಿ120 ವಿಧಾನದಲ್ಲಿ ಕಪ್ಪು ಬಣ್ಣಕ್ಕೆ 1500 ಹರ್ಟ್ಸ್, ಬಿಳಿಗೆ 2300, ಸಾಲಿನ ಗುರುತಿಗೆ 1200. ಗುಂಯ್ ಇವೆಲ್ಲಕ್ಕಿಂತ ಬಹಳ ಕೆಳಗಿರುವುದರಿಂದ 1000 ಹರ್ಟ್ಸಿನವರೆಗೆ ಧೈರ್ಯವಾಗಿ ಕತ್ತರಿಸಿ, ಕಡತವನ್ನು ಮತ್ತೆ ಚಿತ್ರವಾಗಿಸಿ ನೋಡಿ. ಒಂದು ಚಿತ್ರಕ್ಕೆ ಎರಡು ನಿಮಿಷ ಆರು ಸೆಕೆಂಡು ಹಿಡಿಯುತ್ತದೆ. ಮೌಸಿನ ಕಿರ್ ಸದ್ದು ಮಾತ್ರ ಕೆಲವೊಮ್ಮೆ ನೇರವಾಗಿ 1500ರಿಂದ 2300ರ ನಡುವೆಯೇ ಬಂದು ಕೂರುತ್ತದೆ, ಚಿತ್ರದ ಆ ಸಾಲುಗಳಲ್ಲಿ ಬೂದು ಗೆರೆಗಳಾಗಿ ಉಳಿಯುತ್ತದೆ. ಅದನ್ನು ಬಣ್ಣದಿಂದ ಬೇರ್ಪಡಿಸುವ ಫಿಲ್ಟರ್ ಇಲ್ಲ. ಆ ಚಿತ್ರಗಳನ್ನು ಗೆರೆಗಳ ಸಮೇತ ಇಟ್ಟುಕೊಳ್ಳಿ, ಮುಂದಿನ ಸಲ ನಿಲ್ದಾಣ ಹಾದುಹೋಗುವ ಆ ಹತ್ತು ನಿಮಿಷ ಮೌಸಿನ ಮೇಲಿಂದ ಕೈ ತೆಗೆದಿರಿ.